ಜೀಪಿನ ಇಂಜಿನ್ನಿಗೆ ಮನೆಯಲ್ಲೇ ಮರದ ಟೆಸ್ಟ್ ಸ್ಟ್ಯಾಂಡ್ ಮಾಡಬಹುದೇ?

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. ಅಡಿಕೆ ತೋಟ, ಸ್ವಲ್ಪ ಗದ್ದೆ ಇದೆ. ಮನೆಯ ಹಳೇ ಮಹೀಂದ್ರ ಜೀಪು ವಿಪರೀತ ಹೊಗೆ ಬಿಟ್ಟು ಆಯಿಲ್ ಕುಡಿಯಲು ಶುರುಮಾಡಿದ್ದರಿಂದ ಇಂಜಿನ್ ಇಳಿಸಿದೆವು. ನಾಲ್ಕು ಸಿಲಿಂಡರಿನ ಡೀಸೆಲ್ ಇಂಜಿನ್. ಶಿವಮೊಗ್ಗದಲ್ಲಿ ಬೋರ್ ಮಾಡಿಸಿ, ಕ್ರ್ಯಾಂಕ್ ಗ್ರೈಂಡ್ ಮಾಡಿಸಿ ತಂದು, ಹೊಸ ಪಿಸ್ಟನ್, ರಿಂಗ್, ಬೇರಿಂಗ್ ಹಾಕಿ ನಾನು ಮತ್ತು ನನ್ನ ಭಾವ ಮನೆಯಲ್ಲೇ ಜೋಡಿಸಿದ್ದೇವೆ. ಜೀಪಿಗೆ ಏರಿಸುವ ಮೊದಲು ಹೊರಗೇ ಒಮ್ಮೆ ಸ್ಟಾರ್ಟ್ ಮಾಡಿ ನೋಡಬೇಕೆಂದಿದೆ. ಹಳೇ ಮನೆ ಬಿಚ್ಚಿದಾಗಿನ ಮತ್ತಿ, ನಂದಿ ತೊಲೆಗಳು ಕೊಟ್ಟಿಗೆ ಅಟ್ಟದಲ್ಲಿವೆ. ಅದರಲ್ಲೇ ಸ್ಟ್ಯಾಂಡ್ ಮಾಡೋಣವೆಂದರೆ ಅಪ್ಪಯ್ಯ ‘ಮರಕ್ಕೆ ಬೆಂಕಿ ಹಿಡಿಯುತ್ತದೆ’ ಎನ್ನುತ್ತಾರೆ. ಪೇಟೆಯ ಮೆಕ್ಯಾನಿಕ್ ಒಬ್ಬರು ‘ಇಂಜಿನ್ ಎಗರಿ ಬೀಳುತ್ತದೆ, ಕಾಂಕ್ರೀಟಿಗೆ ಬೋಲ್ಟ್ ಮಾಡಬೇಕು, ಗೇರ್‌ಬಾಕ್ಸ್ ಇಲ್ಲದೆ ಸ್ಟಾರ್ಟ್ ಮಾಡಲೇಬಾರದು’ ಎಂದರು. ಇನ್ನೊಬ್ಬರು ‘ಎಂಟು ಗಂಟೆ ಐಡಲ್‌ನಲ್ಲಿ ಬಿಟ್ಟುಬಿಡಿ, ರನ್ನಿಂಗ್ (ಹೊಸ ಭಾಗಗಳು ಒಗ್ಗುವ ಮೊದಲ ಓಟ) ಮುಗಿದುಹೋಗುತ್ತದೆ’ ಎಂದರು. ಯಾರ ಮಾತು ಕೇಳುವುದು? ಮುಂದೆ ಅದೇ ಸ್ಟ್ಯಾಂಡಿನ ಮೇಲೆ ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವ ಸಣ್ಣ ಇಂಜಿನ್ ಇಟ್ಟು ನೋಡಬಹುದೇ?

ಉತ್ತರ: ನಿಮಗೆ ಸಿಕ್ಕ ಸಲಹೆಗಳಲ್ಲಿ ಪೂರ್ತಿ ತಪ್ಪೆನ್ನುವಂಥದ್ದು ಒಂದೇ, ಎಂಟು ಗಂಟೆಯ ಐಡಲ್, ಅಂದರೆ ಆಕ್ಸಿಲೇಟರ್ ಕೊಡದೆ ನಿಧಾನ ಓಟದಲ್ಲಿ ಬಿಡುವುದು. ಮಿಕ್ಕವುಗಳಲ್ಲಿ ಅರ್ಧರ್ಧ ನಿಜವಿದೆ. ಮರದ ಸ್ಟ್ಯಾಂಡ್ ಖಂಡಿತ ಮಾಡಬಹುದು. ಆದರೆ ನಿಮ್ಮ ಪತ್ರದಲ್ಲಿ ಮರ, ಬೋಲ್ಟು, ಬೆಂಕಿ ಎಲ್ಲ ಇದೆ. ಸ್ಟಾರ್ಟ್ ಆದ ಇಂಜಿನ್ ನಿಲ್ಲದೇ ಹೋದರೆ ಏನು ಮಾಡುವುದು ಎಂಬ ಮಾತೇ ಇಲ್ಲ. ಹೊಸದಾಗಿ ಜೋಡಿಸಿದ ಡೀಸೆಲ್ ಇಂಜಿನ್ನಿನ ಮುಂದೆ ನಿಲ್ಲುವವರು ಮೊದಲು ಯೋಚಿಸಬೇಕಾದದ್ದು ಅದನ್ನೇ. ಸ್ಟ್ಯಾಂಡಿನ ಮರ ಗಟ್ಟಿಯಿದೆಯೋ ಇಲ್ಲವೋ ಎಂಬುದು ಅದಕ್ಕಿಂತ ಚಿಕ್ಕ ಪ್ರಶ್ನೆ. ಹಾಗಿದ್ದರೂ ನೀವು ಕೇಳಿದ್ದು ಮರದ ಬಗ್ಗೆಯಾದ್ದರಿಂದ ಅಲ್ಲಿಂದಲೇ ಹೊರಡೋಣ.

ಭಾರದ ಲೆಕ್ಕ ನೋಡಿ. ಇಂಥ ಇಂಜಿನ್ ಗೇರ್‌ಬಾಕ್ಸ್ ಸಮೇತ ಇನ್ನೂರೈವತ್ತು, ಮುನ್ನೂರು ಕಿಲೋ ತೂಗುತ್ತದೆ ಎಂದುಕೊಳ್ಳಿ. ನಾಲ್ಕಿಂಚು ಚದರದ ಒಂದು ಗಿಡ್ಡ ಕಂಬದ ಅಡ್ಡಕೊಯ್ತ ಸುಮಾರು 100 ಚದರ ಸೆಂಟಿಮೀಟರ್. ಒಣಗಿದ ಗಟ್ಟಿ ಮರ ಎಳೆಯ ಉದ್ದಕ್ಕೆ ಚದರ ಸೆಂಟಿಮೀಟರಿಗೆ 50 ಕಿಲೋ ಹೊರುತ್ತದೆ ಎಂದು ಬಹಳ ಕಡಿಮೆ ಹಿಡಿದರೂ ಒಂದೊಂದು ಕಂಬ ಐದು ಟನ್ ತಡೆಯುತ್ತದೆ. ಅಂದರೆ ಭಾರ ಇಲ್ಲಿ ಸಮಸ್ಯೆಯೇ ಅಲ್ಲ. ಮೊದಲನೇ ಮಹಾಯುದ್ಧ ಕಾಲದ ಎಷ್ಟೋ ವಿಮಾನಗಳಲ್ಲಿ ಇಂಜಿನ್ ಕೂರುತ್ತಿದ್ದದ್ದು ಮರದ ತೊಲೆಗಳ ಮೇಲೆ. ನಮ್ಮಲ್ಲಿ ರೈಲು ಹಳಿಗಳು ದಶಕಗಟ್ಟಲೆ ಮರದ ಸ್ಲೀಪರ್‌ಗಳ ಮೇಲೆ ಇದ್ದವು. ಅದುರುವಿಕೆಯನ್ನು ನುಂಗಿಕೊಳ್ಳುವುದರಲ್ಲಿ ಮರ ಕಬ್ಬಿಣಕ್ಕಿಂತ ಒಂದು ಕೈ ಮೇಲೆಯೇ.

ಎಗರಿ ಬೀಳುವ ಮಾತು. ಇಂಜಿನ್ ತನ್ನ ಕ್ರ್ಯಾಂಕನ್ನು ಒಂದು ಕಡೆ ತಿರುಗಿಸುವಾಗ ಅದರ ಮೈ ಇನ್ನೊಂದು ಕಡೆ ತಿರುಗಲು ನೋಡುತ್ತದೆ, ನಿಜ. ಎರಡೂವರೆ ಲೀಟರಿನ ಹಳೇ ಡೀಸೆಲ್ ಇಂಜಿನ್ ಪೂರ್ತಿ ಲೋಡಿನಲ್ಲಿ ಹದಿನೈದು ಕಿಲೋಗ್ರಾಂ-ಮೀಟರ್‌ನಷ್ಟು ಟಾರ್ಕ್ (ತಿರುಗಿಸುವ ಬಲ) ಕೊಡುತ್ತದೆಂದು ಇಟ್ಟುಕೊಳ್ಳೋಣ. ಎಡ ಬಲ ಮೌಂಟುಗಳ (ಇಂಜಿನ್ ಕೂರುವ ಆಧಾರಗಳ) ನಡುವೆ ಅರ್ಧ ಮೀಟರ್ ಅಂತರವಿದ್ದರೆ ಒಂದು ಕಡೆ ಮೂವತ್ತು ಕಿಲೋ ಹೆಚ್ಚು ಒತ್ತುತ್ತದೆ, ಇನ್ನೊಂದು ಕಡೆ ಮೂವತ್ತು ಕಿಲೋ ಹಗುರಾಗುತ್ತದೆ. ಇಂಜಿನ್ನಿನ ಸ್ವಂತ ತೂಕವೇ ಇದಕ್ಕಿಂತ ಎಷ್ಟೋ ಹೆಚ್ಚು. ಸ್ಟ್ಯಾಂಡಿನ ಮೇಲಂತೂ ಲೋಡೇ ಇಲ್ಲ; ಅದು ತನ್ನ ಘರ್ಷಣೆ ಮೀರುವಷ್ಟೇ ಶ್ರಮ ಪಡುತ್ತಿರುತ್ತದೆ. ಹಾಗಾಗಿ ನೆಲಕ್ಕೆ ಕಾಂಕ್ರೀಟ್ ಹಾಕಿ ಬೋಲ್ಟ್ ಮಾಡುವ ಅಗತ್ಯವಿಲ್ಲ. ಲೋಡ್ ಕೊಟ್ಟು ಪವರ್ ಅಳೆಯುವವರಿಗೆ ಅದೆಲ್ಲ ಬೇಕು. ನಿಮ್ಮದು ಅಲುಗುವುದು ಮೂರು ಹೊತ್ತಿನಲ್ಲಿ: ಸೆಲ್ಫ್ ಹೊಡೆದಾಗ, ಆಕ್ಸಿಲೇಟರ್ ಒಮ್ಮೆಲೇ ಎಳೆದಾಗ, ನಿಲ್ಲಿಸುವಾಗ. ಅದರಲ್ಲೂ ನಿಲ್ಲುವ ಕೊನೆಯ ಒಂದೆರಡು ಸುತ್ತಿನಲ್ಲಿ ಇಂಜಿನ್ ಜೋರಾಗಿ ಕುಲುಕುತ್ತದೆ. ಅದನ್ನು ನೋಡಿ ಗಾಬರಿಯಾಗಬೇಡಿ. ಜೀಪಿನ ರಬ್ಬರ್ ಮೌಂಟುಗಳನ್ನೇ ಸ್ಟ್ಯಾಂಡಿಗೂ ಹಾಕಿ. ಇಂಜಿನ್ನಿನ ಕಾಲನ್ನು ನೇರ ಮರಕ್ಕೆ ಬಿಗಿಯಬೇಡಿ.

ಭಾರ ತಡೆಯುವ ಮರ ಸೋಲುವುದು ಜೋಡಣೆಯಲ್ಲಿ. ಹಾಳಾದ ಮರದ ಸ್ಟ್ಯಾಂಡುಗಳನ್ನು ವರ್ಕ್‌ಶಾಪಿನಲ್ಲಿ ನೋಡಿದಾಗೆಲ್ಲ ತೊಲೆ ಮುರಿದದ್ದು ಕಂಡದ್ದಿಲ್ಲ. ಮೊಳೆ ಮೇಲೆದ್ದಿರುತ್ತದೆ, ಬೋಲ್ಟಿನ ತೂತು ಮೊಟ್ಟೆಯಾಕಾರಕ್ಕೆ ಹಿಗ್ಗಿರುತ್ತದೆ, ಚಿಕ್ಕ ವಾಶರ್ ಮರದೊಳಗೆ ಹೂತುಹೋಗಿರುತ್ತದೆ. ಮರ ಎಳೆಯ ಉದ್ದಕ್ಕೆ ಎಷ್ಟು ಗಟ್ಟಿಯೋ ಎಳೆಗೆ ಅಡ್ಡಲಾಗಿ ಅಷ್ಟು ಗಟ್ಟಿಯಲ್ಲ, ಒತ್ತಿದರೆ ಜಜ್ಜಿಕೊಳ್ಳುತ್ತದೆ. ಆದ್ದರಿಂದ ಮೊಳೆಯಿಂದ ಮಾಡುವ ಯೋಚನೆ ಬೇಡ. ಆರ್‌ಪಾರ್ ಹೋಗುವ 12 ಎಂಎಂ ಬೋಲ್ಟ್ ಹಾಕಿ. ಅಂಗಡಿಯ ತೆಳು ವಾಶರ್ ಬದಲು 6 ಎಂಎಂ ಪ್ಲೇಟಿನಲ್ಲಿ ಎರಡಿಂಚು ಚದರದ ತುಂಡುಗಳನ್ನು ಕತ್ತರಿಸಿ ತೂತು ಹೊಡೆಸಿಕೊಳ್ಳಿ. ಯಾವ ವೆಲ್ಡಿಂಗ್ ಶಾಪಿನವರೂ ಮಾಡಿಕೊಡುತ್ತಾರೆ. ತೂತು ಬೋಲ್ಟಿನಷ್ಟೇ ಇರಲಿ, ಸಡಿಲ ಬೇಡ. ತೊಲೆಯ ತುದಿಯಿಂದ ಕನಿಷ್ಠ ಮೂರೂವರೆ ಇಂಚು ಒಳಗೆ ಇರಲಿ, ಇಲ್ಲದಿದ್ದರೆ ಮತ್ತಿ ಸೀಳುತ್ತದೆ. ಎಲ್ಲಕ್ಕಿಂತ ಮುಖ್ಯ, ಭಾರವನ್ನು ಬೋಲ್ಟ್ ಹೊರಬಾರದು. ತೊಲೆ ಕಂಬದ ತಲೆಯ ಮೇಲೆ ಕೂತಿರಬೇಕು, ಅಥವಾ ಕಂಬದಲ್ಲಿ ಕಚ್ಚು ಹೊಡೆದು ಅದರಲ್ಲಿ ಕೂರಿಸಬೇಕು. ಬೋಲ್ಟಿನ ಕೆಲಸ ಅದು ಜಾರದಂತೆ ಹಿಡಿಯುವುದಷ್ಟೇ. ಮನೆ ಕಟ್ಟುವ ಆಚಾರಿಗಳಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಊರಿನಲ್ಲಿ ಅಂಥವರಿದ್ದರೆ ಅರ್ಧ ದಿನ ಕರೆಸಿಕೊಳ್ಳಿ.

ನಿಮ್ಮ ಬಳಿ ಇರುವ ಎರಡು ಮರಗಳಲ್ಲಿ ಮತ್ತಿ ಹೆಚ್ಚು ತೂಕದ್ದು, ಗಟ್ಟಿ. ಅದನ್ನು ಬುಡದ ಅಡ್ಡತೊಲೆಗಳಿಗೂ ಕಂಬಗಳಿಗೂ ಇಡಿ. ನಂದಿ ಕೊಯ್ಯಲು, ಕೊರೆಯಲು ಸಲೀಸು. ಮೇಲಿನ ತೊಲೆಗಳಿಗೂ ಓರೆ ಪಟ್ಟಿಗಳಿಗೂ ಅದು ಸಾಕು. ಹಳೇ ಮನೆಯ ಮರದ ದೊಡ್ಡ ಲಾಭವೆಂದರೆ ಅದು ಆಗಲೇ ಒಣಗಿ ತಿರುಚುವುದೆಲ್ಲ ತಿರುಚಿ ಮುಗಿದಿರುತ್ತದೆ. ಹಸಿ ಅಕೇಶಿಯಾ, ನೀಲಗಿರಿ ತಂದು ಸ್ಟ್ಯಾಂಡ್ ಮಾಡಿದವರು ಬೇಸಿಗೆ ಬರುವುದರೊಳಗೆ ಅದು ಸೀಳಿ ಡೊಂಕಾಗುವುದನ್ನು ನೋಡುತ್ತಾರೆ. ಆದರೆ ಅಟ್ಟದಲ್ಲಿ ಬಿದ್ದ ಮರವನ್ನು ಕಣ್ಣುಮುಚ್ಚಿ ನಂಬಬೇಡಿ. ಗೋಡೆಯೊಳಗೆ ಹೂತಿದ್ದ ತುದಿಗಳನ್ನು ನೋಡಿ. ಒರಲೆ, ಲಡ್ಡು ಶುರುವಾಗುವುದು ಅಲ್ಲಿಂದಲೇ. ತೊಲೆಯ ಉದ್ದಕ್ಕೂ ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತ ಹೋಗಿ. ಠಣ್ ಎನ್ನುತ್ತಿದ್ದ ಸದ್ದು ಒಂದು ಕಡೆ ಬೊದ್ದಾದರೆ ಅಲ್ಲಿ ಉಳಿಯ ಮೂಲೆ ಒತ್ತಿ ನೋಡಿ. ಚೇಗು ಇದ್ದಲ್ಲಿ ಉಳಿ ನಿಲ್ಲುತ್ತದೆ, ಕುಂಬಾಗಿದ್ದರೆ ಸುಮ್ಮನೆ ಇಳಿಯುತ್ತದೆ. ಹಾಗೆ ಇಳಿದ ಭಾಗದಿಂದ ಒಂದಡಿ ಹೆಚ್ಚಿಗೆ ಕತ್ತರಿಸಿ ಬಿಸಾಡಿ. ಹಳೇ ಮೊಳೆ ಉಳಿದಿದ್ದರೆ ಗರಗಸ ಹಾಕುವ ಮೊದಲು ಕಿತ್ತುಬಿಡಿ.

ಅಳತೆ ಹೀಗಿರಲಿ. ನೆಲದ ಮೇಲೆ ನಾಲ್ಕು x ಆರಿಂಚಿನ ಎರಡು ಅಡ್ಡತೊಲೆ, ಒಂದೊಂದು ನಾಲ್ಕಡಿ. ಅವುಗಳ ಮೇಲೆ ನಾಲ್ಕಿಂಚು ಚದರದ ನಾಲ್ಕು ಗಿಡ್ಡ ಕಂಬ. ಕಂಬಗಳ ತಲೆಯ ಮೇಲೆ ಇಂಜಿನ್ನಿನ ಉದ್ದಕ್ಕೆ ಐದಡಿಯ ಎರಡು ತೊಲೆ. ಆಯಿಲ್ ಚೇಂಬರಿನ ಅಡಿ ನೆಲದಿಂದ ಎಂಟು ಹತ್ತು ಇಂಚು ಮೇಲಿದ್ದರೆ ಸಾಕು. ಡ್ರೈನ್ ಬೋಲ್ಟ್ ಬಿಚ್ಚಲು ಕೈ ಹೋಗಬೇಕು ಅಷ್ಟೇ. ನಿಂತು ಕೆಲಸ ಮಾಡಲು ಅನುಕೂಲವೆಂದು ಎತ್ತರ ಮಾಡಿದಷ್ಟೂ ಉರುಳುವ ಅಪಾಯ ಹೆಚ್ಚು. ಬುಡದ ಅಗಲ ಎತ್ತರದ ಒಂದೂವರೆ ಪಟ್ಟಿಗಿಂತ ಕಡಿಮೆಯಾಗದಿರಲಿ. ನಾಲ್ಕೂ ಬದಿಗೆ ಓರೆ ಪಟ್ಟಿ ಹೊಡೆಯಿರಿ. ಇಂಜಿನ್ ಕೂರಿಸಿದ ಮೇಲೆ ಮೇಲಿನ ತೊಲೆಯನ್ನು ಎರಡೂ ಕೈಯಿಂದ ಅಡ್ಡಕ್ಕೆ ತಳ್ಳಿ ನೋಡಿ. ತಲೆ ಅಲುಗಿ ಬುಡ ಅಲುಗದಿದ್ದರೆ ಓರೆ ಪಟ್ಟಿ ಸಾಲದು ಎಂದರ್ಥ. ಮೌಂಟ್ ಕೂರುವಲ್ಲಿ 8 ಎಂಎಂ ಕಬ್ಬಿಣದ ಪ್ಲೇಟ್ ಹಾಸಿ. ಆಯಿಲ್ ಚೇಂಬರ್ ತೆಳು ತಗಡು, ಅದರ ಕೆಳಗೆ ಎಂದೂ ಆಧಾರ ಕೊಡಬೇಡಿ.

ಮಲೆನಾಡಿಗೇ ಸೇರಿದ ಒಂದು ಮಾತು ಇದೆ. ನಮ್ಮ ಮಳೆಗಾಲದಲ್ಲಿ ಮರ ತೇವ ಹೀರಿ ಉಬ್ಬುತ್ತದೆ, ಮಾಘದ ಹೊತ್ತಿಗೆ ಕುಗ್ಗುತ್ತದೆ. ಆಷಾಢದಲ್ಲಿ ಬಿಗಿಯಾಗಿದ್ದ ಬೋಲ್ಟ್ ಬೇಸಿಗೆಯಲ್ಲಿ ಬೆರಳಿನಲ್ಲೇ ತಿರುಗುತ್ತದೆ. ಇಂಜಿನ್ ಓಡಿಸುವ ದಿನ ಬೆಳಿಗ್ಗೆ ಒಮ್ಮೆ, ಮೊದಲ ಹತ್ತು ನಿಮಿಷದ ಓಟದ ನಂತರ ಇಂಜಿನ್ ನಿಲ್ಲಿಸಿ ಇನ್ನೊಮ್ಮೆ ಎಲ್ಲ ಬೋಲ್ಟುಗಳಿಗೂ ಪಾನಾ ಹಾಕಿ ನೋಡಿ. ಕಟ್ಟಿ ಆರು ತಿಂಗಳು ಬಿಟ್ಟ ಸ್ಟ್ಯಾಂಡನ್ನು ಹಾಗೇ ಬಳಸುವುದು ಬೇಡ.

ಅಪ್ಪಯ್ಯನವರ ಆತಂಕವನ್ನು ತಳ್ಳಿಹಾಕುವಂತಿಲ್ಲ. ಲೋಡಿಲ್ಲದೆ ಓಡುವ ಡೀಸೆಲ್ ಇಂಜಿನ್ನಿಗೆ ಬೇಕಾದದ್ದಕ್ಕಿಂತ ಬಹಳ ಹೆಚ್ಚು ಗಾಳಿ ಸಿಗುವುದರಿಂದ ಅದರ ಹೊಗೆ ಅಷ್ಟು ಸುಡುವುದಿಲ್ಲ. ಘಾಟಿ ಹತ್ತುವಾಗಿನ ಬಿಸಿಯ ಅರ್ಧವೂ ಮ್ಯಾನಿಫೋಲ್ಡಿಗೆ (ಇಂಜಿನ್ನಿನಿಂದ ಹೊಗೆ ಹೊರಬರುವ ಕವಲು ಪೈಪಿಗೆ) ಏರುವುದಿಲ್ಲ. ಒಣ ಮರ ಸುಲಭವಾಗಿ ಹೊತ್ತಿಕೊಳ್ಳಲು 250 ಡಿಗ್ರಿ ಸೆಲ್ಸಿಯಸ್ ಮೇಲೆಯೇ ಬೇಕು. ಆದರೆ ಡೀಸೆಲ್, ಆಯಿಲ್ ಕುಡಿದ ಮರದ ಕಥೆ ಬೇರೆ. ಹೊಸ ಇಂಜಿನ್ನಿನಲ್ಲಿ ಎಲ್ಲೋ ಒಂದು ಕಡೆ ಸೋರುತ್ತದೆ. ಅದನ್ನು ಕಂಡುಹಿಡಿಯಲೆಂದೇ ತಾನೇ ನೀವು ಈ ಸ್ಟ್ಯಾಂಡ್ ಮಾಡುತ್ತಿರುವುದು? ಸೋರಿದ್ದು ತೊಲೆಗೆ ಇಂಗಿ, ಆ ತೊಲೆ ಮ್ಯಾನಿಫೋಲ್ಡಿನ ಪಕ್ಕದಲ್ಲಿದ್ದರೆ ಅಪ್ಪಯ್ಯ ಹೇಳಿದ್ದು ನಿಜವಾಗುತ್ತದೆ. ಮ್ಯಾನಿಫೋಲ್ಡಿಗೂ ಮರಕ್ಕೂ ಕನಿಷ್ಠ ಅರ್ಧ ಅಡಿ ಅಂತರವಿರಲಿ, ನಡುವೆ ಒಂದು ತಗಡು ಇರಲಿ. ತಗಡನ್ನು ಮರಕ್ಕೆ ಅಂಟಿಸಿ ಮೊಳೆ ಹೊಡೆದರೆ ಪ್ರಯೋಜನವಿಲ್ಲ, ಬಿಸಿ ನೇರ ದಾಟುತ್ತದೆ. ಒಂದಿಂಚು ಬಿಟ್ಟು ನಿಲ್ಲಿಸಿ, ಗಾಳಿಯಾಡಲಿ. ಚೇಂಬರಿನ ಕೆಳಗೆ ಅಗಲದ ತಟ್ಟೆ ಇಡಿ. ಸೈಲೆನ್ಸರ್ ಪೈಪನ್ನು ಸ್ಟ್ಯಾಂಡಿನಿಂದ ಹೊರಗೆ ಒಯ್ದು ಅದಕ್ಕೊಂದು ಕಬ್ಬಿಣದ ಆಸರೆ ಕೊಡಿ.

ಜಾಗ ಆರಿಸುವುದು ಇದಕ್ಕಿಂತ ಮುಖ್ಯ. ಅಂಗಳದ ಚಪ್ಪರದ ಕೆಳಗೆ ಮಾಡುವ ಆಸೆಯಾಗುತ್ತದೆ, ನೆರಳಿದೆ, ಮಳೆ ಬೀಳುವುದಿಲ್ಲ. ಮೇಲೆ ಒಣ ಸೋಗೆ, ಪಕ್ಕದಲ್ಲಿ ಹುಲ್ಲಿನ ಗೊಣಬೆ, ಅಡಿಕೆ ಸಿಪ್ಪೆ ರಾಶಿ. ಮೊದಲ ಸ್ಟಾರ್ಟಿನಲ್ಲಿ ಸೈಲೆನ್ಸರಿನೊಳಗಿನ ಹಳೇ ಮಸಿ ಕಿಡಿಯಾಗಿ ಹಾರುವುದುಂಟು. ಕೊಟ್ಟಿಗೆಯ ಒಳಗೂ ಬೇಡ. ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡ್ ಮೂಗಿಗೂ ಗೊತ್ತಾಗುವುದಿಲ್ಲ, ದನಕ್ಕೂ ಒಳ್ಳೆಯದಲ್ಲ. ಬಯಲಿನಲ್ಲಿ, ಸಮನಾದ ಗಟ್ಟಿ ನೆಲದಲ್ಲಿ, ಮಳೆ ಇಲ್ಲದ ದಿನ ಮಾಡಿ. ಪುಡಿ ತುಂಬಿದ ಎಬಿಸಿ ನಮೂನೆಯ ಬೆಂಕಿ ಆರಿಸುವ ಸಿಲಿಂಡರ್ ಒಂದು, ಮರಳಿನ ಬಕೆಟ್ ಎರಡು ಕೈಗೆಟುಕುವಲ್ಲಿ ಇರಲಿ. ಡೀಸೆಲ್ ಬೆಂಕಿಗೆ ಕೊಡಪಾನದ ನೀರು ಎರಚಿದರೆ ಬೆಂಕಿ ಹರಡುತ್ತದೆ.

ಗೇರ್‌ಬಾಕ್ಸ್ ಬಗ್ಗೆ ಮೆಕ್ಯಾನಿಕ್ ಹೇಳಿದ್ದರಲ್ಲಿ ತಥ್ಯವಿದೆ, ಕಾರಣ ಮಾತ್ರ ಬೇರೆ. ಗೇರ್‌ಬಾಕ್ಸ್ ಇಲ್ಲದಿದ್ದರೂ ಇಂಜಿನ್ನಿಗೇನೂ ಆಗುವುದಿಲ್ಲ. ಆದರೆ ಹಿಂದಿನ ಆಧಾರ ಗೇರ್‌ಬಾಕ್ಸಿನ ಕೆಳಗಿರುತ್ತದೆ, ಸೆಲ್ಫ್ ಮೋಟರನ್ನು ಹಿಡಿದುಕೊಳ್ಳುವುದು ಅನೇಕ ಇಂಜಿನ್ನುಗಳಲ್ಲಿ ಬೆಲ್ ಹೌಸಿಂಗ್, ಅಂದರೆ ಇಂಜಿನ್ನಿನ ಹಿಂದಿನ ಭಾರದ ಚಕ್ರವಾದ ಫ್ಲೈವೀಲನ್ನು ಮುಚ್ಚುವ ಕವಚ. ಅದನ್ನು ಬಿಚ್ಚಿಟ್ಟರೆ ಫ್ಲೈವೀಲ್ ಬರಿಮೈಯಲ್ಲಿ ಸುತ್ತುತ್ತದೆ. ಹೆಗಲ ಮೇಲಿನ ಟವೆಲ್ಲು, ಪಂಚೆಯ ತುದಿ, ನೋಡಲು ಬಂದವರ ಸೆರಗು, ಯಾವುದಕ್ಕೂ ಅದು ಕರುಣೆ ತೋರುವುದಿಲ್ಲ. ಗೇರ್‌ಬಾಕ್ಸ್ ಸೇರಿಸಿಯೇ ಕೂರಿಸಿ, ನ್ಯೂಟ್ರಲ್‌ನಲ್ಲಿಡಿ, ಅದಕ್ಕೆ ಆಯಿಲ್ ಹಾಕಿ. ನ್ಯೂಟ್ರಲ್‌ನಲ್ಲೂ ಒಳಗಿನ ಗೇರುಗಳು ತಿರುಗುತ್ತವೆ. ಮುಂದಿನ ಫ್ಯಾನಿಗೆ ಜಾಲರಿ ಅಡ್ಡ ಹಾಕಿ. ಚಡ್ಡಿ ಅಥವಾ ಪ್ಯಾಂಟ್ ಹಾಕಿಕೊಂಡು ಕೆಲಸ ಮಾಡಿ, ಮಕ್ಕಳನ್ನು ಜಗುಲಿಯಿಂದ ಕೆಳಗೆ ಇಳಿಯಲು ಬಿಡಬೇಡಿ.

ಇನ್ನು ನಿಲ್ಲಿಸುವ ವಿಚಾರ. ಪೆಟ್ರೋಲ್ ಇಂಜಿನ್ ಕೀ ತಿರುಗಿಸಿದರೆ ಸಾಯುತ್ತದೆ. ನಿಮ್ಮದು ಹಳೇ ಡೀಸೆಲ್, ಅದಕ್ಕೆ ಕಿಡಿ ಬೇಡ. ಇಂಧನ ಮತ್ತು ಗಾಳಿ ಎರಡೂ ಸಿಗುವ ತನಕ ಬ್ಯಾಟರಿ ಕಿತ್ತರೂ ಓಡುತ್ತಲೇ ಇರುತ್ತದೆ. ವರ್ಷಗಟ್ಟಲೆ ನಿಂತಿದ್ದ ಡೀಸೆಲ್ ಪಂಪಿನೊಳಗೆ ಇಂಧನದ ಪ್ರಮಾಣ ಹಿಡಿಯುವ ಸರಳು, ಅಂದರೆ ರ‍್ಯಾಕ್ ಪೂರ್ತಿ ಇಂಧನದ ಜಾಗದಲ್ಲಿ ಅಂಟಿಕೊಂಡಿದ್ದರೆ ಸ್ಟಾರ್ಟ್ ಆದ ಕ್ಷಣವೇ ಇಂಜಿನ್ ಕಿರುಚುತ್ತ ಏರುತ್ತದೆ. ನಿಮ್ಮ ಪಂಪು ಡಯಾಫ್ರಂ (ತೆಳು ಪೊರೆ) ಇರುವ ವ್ಯಾಕ್ಯೂಮ್ ಗವರ್ನರ್ (ಇನ್‌ಟೇಕಿನ, ಅಂದರೆ ಗಾಳಿ ಒಳಹೋಗುವ ದಾರಿಯ, ಎಳೆತದಿಂದ ವೇಗ ಹಿಡಿಯುವ) ನಮೂನೆಯದಾಗಿದ್ದರೆ ಇನ್ನೂ ಎಚ್ಚರ ಬೇಕು: ಇನ್‌ಟೇಕಿನಿಂದ ಬರುವ ಆ ಸಣ್ಣ ಹೋಸ್ ಹಾಕಲು ಮರೆತರೆ, ಅಥವಾ ಡಯಾಫ್ರಂ ಹರಿದಿದ್ದರೆ, ಪಂಪು ತಾನಾಗಿ ಪೂರ್ತಿ ಡೀಸೆಲ್ ಬಿಡುತ್ತದೆ. ಆಯಿಲ್ ತುಂಬುವ ನಮೂನೆಯ ಏರ್ ಕ್ಲೀನರಿಗೆ ಗುರುತಿಗಿಂತ ಹೆಚ್ಚು ಆಯಿಲ್ ಹಾಕಿದರೆ ಅದೇ ಆಯಿಲನ್ನು ಎಳೆದುಕೊಂಡು ಇಂಜಿನ್ ಓಡತೊಡಗುತ್ತದೆ. ಆಗ ಡೀಸೆಲ್ ಬಂದ್ ಮಾಡಿದರೂ ನಿಲ್ಲುವುದಿಲ್ಲ.

ಇಂಥದ್ದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಸ್ಟ್ಯಾಂಡ್ ಒಳ್ಳೆಯ ಚಾನೆಲ್‌ನಿಂದ ಮಾಡಿದ್ದು, ನೆಲಕ್ಕೂ ಬಿಗಿದಿತ್ತು. ಸ್ಟಾರ್ಟ್ ಆದದ್ದೇ ಸದ್ದು ಏರುತ್ತಾ ಹೋಯಿತು, ಬಿಳಿ ಹೊಗೆ ಶೆಡ್ ತುಂಬಿತು, ಒಬ್ಬರು ಟ್ಯಾಂಕಿನ ಕಾಕ್ ತಿರುಗಿಸುತ್ತ ನಿಂತರು. ಪೈಪಿನಲ್ಲಿ, ಫಿಲ್ಟರಿನಲ್ಲಿ ಉಳಿದ ಡೀಸೆಲ್ಲೇ ಬಹಳ ಹೊತ್ತಿಗೆ ಸಾಕು. ಅಲ್ಲಿದ್ದ ಹಿರಿಯ ಮೇಸ್ತ್ರಿ ಕಾಲ ಕೆಳಗಿದ್ದ ಹಲಗೆ ಎತ್ತಿ ಇನ್‌ಟೇಕಿನ ಬಾಯಿಗೆ ಒತ್ತಿ ಹಿಡಿದರು. ಎರಡು ಸಲ ಕೊಸರಿ ಇಂಜಿನ್ ನಿಂತಿತು. ಬೋಲ್ಟುಗಳು, ಕಾಂಕ್ರೀಟು ಯಾವುದೂ ಅಲ್ಲಿ ಉಪಯೋಗಕ್ಕೆ ಬರಲಿಲ್ಲ.

ಆದ್ದರಿಂದ ಸ್ಟಾರ್ಟ್ ಮಾಡುವ ಏರ್ಪಾಡಿಗಿಂತ ಮೊದಲು ನಿಲ್ಲಿಸುವ ಏರ್ಪಾಡು ಮಾಡಿಕೊಳ್ಳಿ. ಪಂಪಿನ ಸ್ಟಾಪ್ ಲಿವರಿಗೆ ಕೇಬಲ್ ಕಟ್ಟಿ ಫ್ಯಾನಿನಿಂದ ದೂರ ತನ್ನಿ. ಎಳೆದಾಗ ಲಿವರ್ ಪೂರ್ತಿ ಕೊನೆಗೆ ಹೋಗುವುದನ್ನು ಕಣ್ಣಲ್ಲಿ ನೋಡಿ. ಏರ್ ಕ್ಲೀನರ್ ಪೈಪ್ ತೆಗೆದು ಇನ್‌ಟೇಕಿನ ಬಾಯಿ ಕೈಗೆ ಸಿಗುವ ಹಾಗಿಡಿ. ಆ ಬಾಯಿಗಿಂತ ಎರಡಿಂಚು ಅಗಲದ ಒಂದು ಗಟ್ಟಿ ಹಲಗೆಗೆ ಹಳೇ ಟ್ಯೂಬಿನ ರಬ್ಬರ್ ಅಂಟಿಸಿ, ಹಿಡಿಯಲು ಉದ್ದ ಹಿಡಿ ಹಾಕಿ. ಸ್ಟಾರ್ಟ್ ಮಾಡುವಾಗ ಭಾವ ಅದನ್ನು ಕೈಯಲ್ಲೇ ಹಿಡಿದು ನಿಂತಿರಲಿ, ಸೆಲ್ಫ್ ಒತ್ತುವವರು ನೀವು. ಬಟ್ಟೆ, ಗೋಣಿ, ಅಂಗೈ ಯಾವುದನ್ನೂ ಅಲ್ಲಿಗೆ ಒಡ್ಡಬೇಡಿ. ಬಟ್ಟೆಯನ್ನು ಒಳಗೆಳೆದುಕೊಳ್ಳುತ್ತದೆ, ಕೈಯನ್ನು ಜಖಂ ಮಾಡುತ್ತದೆ. ಇಷ್ಟು ಸಿದ್ಧವಾಗದೆ ಸೆಲ್ಫ್ ಒತ್ತಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಮರದ ಸ್ಟ್ಯಾಂಡಿನಲ್ಲಿ ಮಾತ್ರ ಕಾಡುವ ತೊಂದರೆ ಒಂದಿದೆ. ಎಲ್ಲ ಸರಿಯಾಗಿ ಜೋಡಿಸಿ ಸೆಲ್ಫ್ ಒತ್ತಿದರೆ ಟಕ್ ಎನ್ನುವ ಸದ್ದೂ ಬರುವುದಿಲ್ಲ, ಸೆಲ್ಫ್ ಸುಟ್ಟಿದೆಯೆಂದು ಬಿಚ್ಚತೊಡಗುತ್ತಾರೆ. ಜೀಪಿನಲ್ಲಿ ಬ್ಯಾಟರಿಯ ನೆಗೆಟಿವ್ ಚಾಸಿಸ್ ಮೂಲಕ ಇಂಜಿನ್ ತಲುಪುತ್ತಿತ್ತು. ಮರದಲ್ಲಿ ಕರೆಂಟ್ ಹರಿಯುವುದಿಲ್ಲ. ದಪ್ಪ ಕೇಬಲ್ ಒಂದನ್ನು ನೆಗೆಟಿವ್‌ನಿಂದ ನೇರ ಬ್ಲಾಕಿಗೆ, ಪೇಂಟ್ ಕೆರೆದು ಹೊಳೆಯುವ ಕಬ್ಬಿಣಕ್ಕೆ ಬಿಗಿಯಿರಿ. ಬ್ಯಾಟರಿ ಸ್ಟ್ಯಾಂಡಿನ ಮೇಲೆ ಬೇಡ, ಪಕ್ಕದಲ್ಲಿ ಕಲ್ಲಿನ ಮೇಲಿರಲಿ. ಆಲ್ಟರ್ನೇಟರ್ ಜೋಡಿಸಿದ್ದರೆ ಇಂಜಿನ್ ಓಡುವಾಗ ಬ್ಯಾಟರಿ ಕಳಚಬೇಡಿ.

ಡೀಸೆಲ್ ಕ್ಯಾನನ್ನು ಪಂಪಿಗಿಂತ ಒಂದಡಿ ಮೇಲೆ, ಮ್ಯಾನಿಫೋಲ್ಡಿನ ಎದುರು ಬದಿಯಲ್ಲಿ ಬೇರೆಯೇ ಗೂಟಕ್ಕೆ ಕಟ್ಟಿ. ನಾಝಲ್‌ಗಳಿಂದ ಬರುವ ರಿಟರ್ನ್ ಪೈಪನ್ನು ಅದೇ ಕ್ಯಾನಿಗೆ ಬಿಡಿ, ನೆಲಕ್ಕೆ ಬಿಟ್ಟರೆ ಮರ ಕುಡಿಯುತ್ತದೆ. ಏರ್ ತೆಗೆಯುವಾಗ ನಾಝಲ್ ಪೈಪಿನ ನಟ್ ಸಡಿಲಿಸಿದಲ್ಲಿ ಬೆರಳಿಟ್ಟು ನೋಡುವ ಅಭ್ಯಾಸ ಎಷ್ಟೋ ಜನರಿಗಿದೆ. ಡೀಸೆಲ್ ಅಲ್ಲಿ ಗಾಳಿಯ ಸಾಮಾನ್ಯ ಒತ್ತಡದ ನೂರು ಪಟ್ಟಿಗೂ ಮೇಲಿನ ಒತ್ತಡದಲ್ಲಿ ಬರಬಹುದು, ಚರ್ಮದೊಳಗೆ ಹೊಕ್ಕುಬಿಡುತ್ತದೆ. ಹೊರಗೆ ಸೂಜಿಮೊನೆಯಷ್ಟು ಗಾಯ, ಒಳಗೆ ಬೆರಳು ಕತ್ತರಿಸುವ ಮಟ್ಟದ ಅನಾಹುತ. ಹಾಗೇನಾದರೂ ಆದರೆ ಮನೆಮದ್ದು ಮಾಡದೆ ಅದೇ ಹೊತ್ತಿಗೆ ಆಸ್ಪತ್ರೆಗೆ ಹೋಗಿ. ತಣ್ಣಗಿರಿಸಲು ಡ್ರಮ್ಮಿನ ನೀರು ಹಾಯಿಸುವ ಉಪಾಯಕ್ಕಿಂತ ಜೀಪಿನ ರೇಡಿಯೇಟರನ್ನೇ ಎರಡು ಕಂಬಕ್ಕೆ ಕಟ್ಟುವುದು ಉತ್ತಮ. ತೊರೆಯ ತಣ್ಣೀರನ್ನು ನೇರ ಬಿಟ್ಟರೆ ಇಂಜಿನ್ ಬಿಸಿಯೇ ಏರುವುದಿಲ್ಲ.

ಸ್ಟಾರ್ಟ್ ಮಾಡುವ ಕ್ರಮ ಹೇಳುತ್ತೇನೆ. ನಾಝಲ್ ಹಾಕುವ ಮೊದಲೇ, ಸ್ಟಾಪ್ ಲಿವರ್ ಎಳೆದಿಟ್ಟು, ಹತ್ತು ಸೆಕೆಂಡ್ ಸೆಲ್ಫ್, ಅರ್ಧ ನಿಮಿಷ ಬಿಡುವು, ಹೀಗೆ ಆಯಿಲ್ ಪ್ರೆಶರ್ ಗೇಜಿನ ಮುಳ್ಳು ಏಳುವ ತನಕ ಸುತ್ತಿಸಿ. ಗೇಜು ಆಯಿಲ್ ಪೈಪ್ ನೇರ ಬರುವ ನಮೂನೆಯದಿರಲಿ, ಬಲ್ಬ್ ನಂಬಬೇಡಿ. ಆಮೇಲೆ ನಾಝಲ್ ಹಾಕಿ, ಏರ್ ತೆಗೆದು ಸ್ಟಾರ್ಟ್ ಮಾಡಿ. ಹತ್ತು ಸೆಕೆಂಡಿನಲ್ಲಿ ಪ್ರೆಶರ್ ತೋರಿಸದಿದ್ದರೆ ನಿಲ್ಲಿಸಿ. ಬಿಸಿಯಾದ ಮೇಲೆ ನಿಮಿಷಕ್ಕೆ ಸಾವಿರ ಸುತ್ತಿಗೆ ಸುಮಾರು 10 ಪಿಎಸ್‌ಐ ಎಂಬುದು ನಾವು ವರ್ಕ್‌ಶಾಪಿನಲ್ಲಿ ಹಿಡಿಯುವ ಅಂದಾಜು. ನಿಮ್ಮ ಇಂಜಿನ್ನಿನ ಪುಸ್ತಕ ಸಿಕ್ಕರೆ ಅದರ ಅಂಕಿಯನ್ನೇ ಹಿಡಿಯಿರಿ.

ಎಂಟು ಗಂಟೆಯ ಐಡಲ್ ಏಕೆ ಬೇಡ? ಹೊಸ ರಿಂಗು ಬೋರಿಗೆ ಹೊಂದಿಕೊಳ್ಳಲು ಒತ್ತಡ ಬೇಕು. ಲೋಡಿದ್ದಾಗ ಉರಿಯ ಒತ್ತಡ ರಿಂಗಿನ ಹಿಂದೆ ನುಗ್ಗಿ ಅದನ್ನು ಗೋಡೆಗೆ ಅದುಮುತ್ತದೆ, ಹೋನಿಂಗ್ ಗೆರೆಗಳ ಮೇಲೆ ಉಜ್ಜಿ (ಬೋರಿನ ಗೋಡೆಗೆ ಬೇಕೆಂದೇ ಕೊರೆದ ಸಣ್ಣ ಗೀರುಗಳವು) ಎರಡೂ ಒಂದಕ್ಕೊಂದು ಒಗ್ಗುತ್ತವೆ. ಐಡಲ್‌ನಲ್ಲಿ ಆ ಒತ್ತಡವಿಲ್ಲ. ಅರೆಬೆಂದ ಡೀಸೆಲ್ಲು, ಆಯಿಲ್ಲು ಸೇರಿ ಬೋರ್ ಗಾಜಿನಂತೆ ನುಣುಪಾಗುತ್ತದೆ. ಆಮೇಲೆ ಎಷ್ಟು ಓಡಿಸಿದರೂ ಆಯಿಲ್ ಕುಡಿಯುವುದು ನಿಲ್ಲುವುದಿಲ್ಲ, ದುಡ್ಡು ಕೊಟ್ಟು ಮಾಡಿಸಿದ ಬೋರ್ ಮತ್ತೆ ಹೋನ್ ಮಾಡಿಸಬೇಕಾಗುತ್ತದೆ. ಕ್ಯಾಮ್, ಟ್ಯಾಪೆಟ್‌ಗಳಿಗೂ ತೀರ ನಿಧಾನದ ಓಟದಲ್ಲಿ ಆಯಿಲ್ ಸಾಕಷ್ಟು ಸಿಡಿಯುವುದಿಲ್ಲ. ಸ್ಟಾರ್ಟ್ ಆಗಿ ಪ್ರೆಶರ್ ಕಂಡ ಕೂಡಲೇ ನಿಮಿಷಕ್ಕೆ 1200ರಿಂದ 1500 ಸುತ್ತಿಗೆ ಏರಿಸಿ, ಇಪ್ಪತ್ತು ಮೂವತ್ತು ನಿಮಿಷ ಅಲ್ಲೇ ಸ್ವಲ್ಪ ಹೆಚ್ಚು ಕಡಿಮೆ ಮಾಡುತ್ತ ಇಡಿ. ಥರ್ಮೋಸ್ಟಾಟ್ ತೆರೆದು ಮೇಲಿನ ಹೋಸ್ ಬಿಸಿಯಾಗಬೇಕು. ಅಷ್ಟರಲ್ಲಿ ಸೋರುವುದು ಸೋರಿರುತ್ತದೆ, ಬಡಿಯುವುದು ಬಡಿದಿರುತ್ತದೆ. ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲನ್ನು ಬೆಲ್ ಹೌಸಿಂಗಿನ ಕೆಳಗಿನ ತೂತಿನಲ್ಲಿ ಟಾರ್ಚ್ ಹಾಕಿ ನೋಡಿ; ಅದೊಂದನ್ನು ಜೀಪಿಗೆ ಏರಿಸಿದ ಮೇಲೆ ಸರಿಮಾಡುವುದೆಂದರೆ ಎಲ್ಲ ಮತ್ತೆ ಬಿಚ್ಚಬೇಕು. ರಾತ್ರಿ ಪೂರ್ತಿ ತಣಿಯಲು ಬಿಟ್ಟು ಮರುದಿನ ಹೆಡ್ ಬೋಲ್ಟಿನ ಬಿಗಿತ, ಟ್ಯಾಪೆಟ್ ಅಂತರ ನೋಡಿ. ಅಲ್ಲಿಗೆ ಸ್ಟ್ಯಾಂಡಿನ ಕೆಲಸ ಮುಗಿಯಿತು. ರನ್ನಿಂಗ್ ಆಗಬೇಕಾದದ್ದು ರಸ್ತೆಯಲ್ಲಿ. ತೀರ್ಥಹಳ್ಳಿಯಿಂದ ಮಂಡಗದ್ದೆ ಕಡೆಗೆ ಹದವಾಗಿ, ವೇಗ ಬದಲಿಸುತ್ತ ಓಡಿಸಿ ಬನ್ನಿ. ಮೊದಲ ವಾರವೇ ಅಡಿಕೆ ಮೂಟೆ ಹೇರಿಕೊಂಡು ಹುಲಿಕಲ್ ಘಾಟಿ ಹತ್ತಿಸಬೇಡಿ.

ನಿಮ್ಮ ಮುಂದೆ ಬೇರೆ ದಾರಿಗಳೂ ಇವೆ. ಶಿವಮೊಗ್ಗದ ಗುಜರಿಯಲ್ಲಿ ಚಾನೆಲ್ ತಂದು ವೆಲ್ಡ್ ಮಾಡಿಸಬಹುದು. ಅದಕ್ಕೆ ಬೆಂಕಿಯ ಭಯವಿಲ್ಲ, ಅರ್ತ್ ತೊಂದರೆಯಿಲ್ಲ, ವರ್ಷಕ್ಕೆ ನಾಲ್ಕಾರು ಇಂಜಿನ್ ಮಾಡುವವರಿಗೆ ಅದೇ ಸರಿ. ಆದರೆ ಕೆಟ್ಟ ವೆಲ್ಡಿಂಗ್ ಮುನ್ಸೂಚನೆ ಕೊಡದೆ ಬಿಡುತ್ತದೆ, ಮರವಾದರೆ ಕಿರಗುಟ್ಟಿ ಹೇಳುತ್ತದೆ. ಸ್ಟ್ಯಾಂಡೇ ಬೇಡವೆಂದು ನೇರ ಜೀಪಿಗೆ ಏರಿಸಿದರೆ ರೇಡಿಯೇಟರ್, ವೈರಿಂಗ್, ಸ್ಟಾಪ್ ಕೇಬಲ್ ಎಲ್ಲ ಅಲ್ಲಲ್ಲೇ ಸಿಗುತ್ತದೆ. ಹಿಂದಿನ ಸೀಲ್ ಸೋರಿದರೆ ಮಾತ್ರ ಮತ್ತೆ ಇಳಿಸುವ ಪಾಡು. ಜೋಡಣೆ ನಿಮ್ಮದು ಮೊದಲ ಸಲವಾದರೆ ನಾನು ಸ್ಟ್ಯಾಂಡ್ ಕಡೆಗೇ ವಾಲುತ್ತೇನೆ. ಮರವೂ ಮನೆಯಲ್ಲೇ ಇದೆ.

ಇಂಜಿನ್ ಎತ್ತಿ ಇಡುವಾಗ ಚೈನ್ ಬ್ಲಾಕನ್ನು ಮನೆಯ ಜಂತಿಗೋ ಮಾವಿನ ಕೊಂಬೆಗೋ ನೇತುಹಾಕಬೇಡಿ. ಈ ಕೆಲಸದಲ್ಲಿ ಕಾಲು ಮುರಿದುಕೊಂಡವರಲ್ಲಿ ಹೆಚ್ಚಿನವರು ಇಂಜಿನ್ ಓಡುವಾಗ ಅಲ್ಲ, ಎತ್ತುವಾಗ ಪೆಟ್ಟು ತಿಂದವರು. ಎತ್ತಲೆಂದೇ ಮಾಡಿದ, ದಪ್ಪ ಪೈಪಿನ ಮೂರು ಕಾಲಿನ ಚೌಕಟ್ಟು ಬಾಡಿಗೆಗೆ ಸಿಗುತ್ತದೆ, ಅದನ್ನು ತನ್ನಿ. ನೇತಾಡುವ ಇಂಜಿನ್ನಿನ ಕೆಳಗೆ ಕೈ ಹಾಕಬೇಡಿ.

ಕೊನೆಯ ಪ್ರಶ್ನೆ, ಔಷಧಿ ಹೊಡೆಯುವ ಇಂಜಿನ್. ಈ ಸ್ಟ್ಯಾಂಡ್ ಅದಕ್ಕೆ ಹೊಂದುವುದಿಲ್ಲ. ನಾಲ್ಕು ಸಿಲಿಂಡರಿನಲ್ಲಿ ಎರಡು ಪಿಸ್ಟನ್ ಮೇಲೇರುವಾಗ ಎರಡು ಇಳಿಯುತ್ತವೆ, ಕುಲುಕಾಟದ ದೊಡ್ಡ ಪಾಲು ಒಂದಕ್ಕೊಂದು ಕಳೆದುಹೋಗುತ್ತದೆ. ಒಂದೇ ಸಿಲಿಂಡರಿನದ್ದಕ್ಕೆ ಆ ಜೊತೆಗಾರ ಇಲ್ಲ, ಒಳಗೆ ಕಟ್ಟಿದ ತೂಕಗಳು ಅದನ್ನು ಅರ್ಧ ಮಾತ್ರ ತಗ್ಗಿಸುತ್ತವೆ. ಎತ್ತರದ ಸ್ಟ್ಯಾಂಡಿನ ಮೇಲಿಟ್ಟರೆ ಸ್ಟ್ಯಾಂಡ್ ಸಮೇತ ಅಂಗಳದಲ್ಲಿ ನಡೆಯುತ್ತದೆ. ಪೆಟ್ರೋಲಿನದ್ದಾದರೆ ಬೆಂಕಿಯ ಲೆಕ್ಕವೂ ಬೇರೆ: ಡೀಸೆಲ್ ಆವಿ ಹೊತ್ತಿಕೊಳ್ಳಲು 35 ಡಿಗ್ರಿಯಾದರೂ ಬೇಕು, ಪೆಟ್ರೋಲಿನ ಆವಿ ಆಗುಂಬೆಯ ಚಳಿಯಲ್ಲೂ ಸಿದ್ಧವಾಗಿರುತ್ತದೆ. ಅದಕ್ಕೆ ಉಳಿದ ಮತ್ತಿಯಲ್ಲಿ ಎರಡು ತುಂಡು ತೆಗೆದು ನೆಲಕ್ಕೇ ಅಂಟಿ ಕೂರುವ ಭಾರದ ಚೌಕಟ್ಟು ಮಾಡಿ, ಇಂಜಿನ್ನಿನ ನಾಲ್ಕೂ ಕಾಲನ್ನು ಅದಕ್ಕೆ ಬಿಗಿದು, ಚೌಕಟ್ಟಿನ ನಾಲ್ಕೂ ಮೂಲೆಗೆ ಗೂಟ ಹೊಡೆಯಿರಿ.